ರಿಸ್ಟೋರ್ ಆದ ಕಾರಿಗೂ ವಂಶಾವಳಿ ಬೇಕು

‘ಅಪರೂಪದ ಅಮೆರಿಕನ್ ಕನ್ವರ್ಟಿಬಲ್. ಸಂಪೂರ್ಣ ರಿಸ್ಟೋರ್ ಮಾಡಲಾಗಿದೆ. ಒರಿಜಿನಲ್ ಸ್ಥಿತಿ. ಆಸಕ್ತರು ಮಾತ್ರ ವಿಚಾರಿಸಿ.’ ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳು ಹೆಚ್ಚುಕಡಿಮೆ ಈ ಧಾಟಿಯಲ್ಲೇ ಇರುತ್ತವೆ. ಓಡುವ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತುಸು ನಿಂತು ಓದಿದರೆ ಎರಡನೆಯ ಮಾತಿಗೂ ಮೂರನೆಯ ಮಾತಿಗೂ ತಾಳಮೇಳವಿಲ್ಲ ಎಂಬುದು ಗೊತ್ತಾಗುತ್ತದೆ. ಅರವತ್ತೆಪ್ಪತ್ತು ವರ್ಷ ಬಾಳಿದ ಕಾರನ್ನು ಪೂರ್ತಿ ಬಿಚ್ಚಿ, ತುಕ್ಕು ತಿಂದ ತಗಡು ಕತ್ತರಿಸಿ ಹೊಸದನ್ನು ಬೆಸೆದು, ಎಂಜಿನ್ ಬೋರ್ ಮಾಡಿಸಿ, ಸೀಟಿಗೆ ಹೊಸ ಕುಷನ್ ಹಾಕಿಸಿ, ಹುಡ್ ಬದಲಿಸಿ, ಮೇಲೆ ಹೊಸ ಬಣ್ಣ ಹೊಡೆದ ಮೇಲೆ ಅದರಲ್ಲಿ ಒರಿಜಿನಲ್ ಆಗಿ ಉಳಿದಿರುವುದು ಎಷ್ಟು? ಉಳಿದಿರುವುದು ಸ್ವಲ್ಪವೇ ಎಂದಾದರೆ, ಕೊಳ್ಳುವವನು ಲಕ್ಷಗಟ್ಟಲೆ, ಒಮ್ಮೊಮ್ಮೆ ಕೋಟಿಗಟ್ಟಲೆ ಹಣ ಸುರಿಯುವುದು ಯಾವುದಕ್ಕೆ?

ಇದು ದುಡ್ಡಿದ್ದವರ ತಲೆನೋವು, ನಮಗೇಕೆ ಎಂದು ತುಮಕೂರಿನ ಓದುಗರು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಹಳೆಯ ವಸ್ತುವಿನ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಸಿಗುವಷ್ಟು ಉತ್ತರಗಳು ಬೇರೆ ಕಡೆ ಸಿಗುವುದು ಕಷ್ಟ. ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇತ್ತು. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇದೆ. ಗುಬ್ಬಿ ತನ್ನ ಹೆಸರನ್ನೇ ಒಂದು ನಾಟಕ ಕಂಪನಿಗೆ ಕೊಟ್ಟ ಊರು. ಈ ಮೂರನ್ನೂ ಎದುರಿಗಿಟ್ಟುಕೊಂಡು ಯೋಚಿಸಿದರೆ ನನಗೆ ಕಾಣುವುದು ಇಷ್ಟು: ರಿಸ್ಟೋರ್ ಆದ ಕಾರಿನ ಬೆಲೆಯನ್ನು ಅದರ ಅಪರೂಪವಾಗಲಿ ಹೊಳಪಾಗಲಿ ನಿರ್ಧರಿಸಬಾರದು. ಯಾವ ಭಾಗ ಹಳೆಯದು, ಯಾವುದು ಹೊಸದು, ಕೆಲಸ ಯಾರ ಕೈಯಲ್ಲಿ ಆಯಿತು ಎಂಬ ಲಿಖಿತ ದಾಖಲೆ ನಿರ್ಧರಿಸಬೇಕು. ಅಂಥ ದಾಖಲೆಯನ್ನು ಕಾನೂನು ಕೇಳಬೇಕು, ಮಾರುಕಟ್ಟೆ ಗೌರವಿಸಬೇಕು.

ಅಮೆರಿಕನ್ ಕಾರು ನಮಗೆ ಅಷ್ಟೇನೂ ಪರಕೀಯವಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈಯಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸಲು ಶುರುಮಾಡಿತು. ಫೋರ್ಡ್ ಕೂಡ ಆ ಹೊತ್ತಿಗಾಗಲೇ ಇಲ್ಲಿ ಕಾಲೂರಿತ್ತು. ಇಲ್ಲೇ ತಯಾರಿಸಬೇಕು ಎಂಬ ಕನಸು ಕಂಡವರಲ್ಲಿ ಮೊದಲಿಗರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಭಾರತಕ್ಕೊಂದು ಮೋಟಾರು ಉದ್ಯಮದ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತು ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆ ಮುಗಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆಗೆ ಆಸರೆಯಾಗಲು ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ ವಾಲಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದ್ದು ಮುಂಬೈಯಲ್ಲಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಅಲ್ಲಿಂದ ಡಾಡ್ಜ್, ಪ್ಲಿಮತ್ ಕಾರುಗಳೂ ಫಾರ್ಗೊ ಲಾರಿಗಳೂ ಹೊರಬರತೊಡಗಿದವು. ನಮ್ಮ ಹಳೆಯ ತಲೆಮಾರಿಗೆ ಫಾರ್ಗೊ ಲಾರಿ ಎಂದರೆ ಮನೆಮಾತು. ವಾಲಚಂದ್ ಅವರ ಇನ್ನೊಂದು ಯೋಜನೆಗೆ ಮಾತ್ರ ಮೈಸೂರು ಸರ್ಕಾರ ಪಾಲುದಾರನಾಯಿತು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದೇ ಸಂಸ್ಥೆ ಎಚ್‌ಎಎಲ್ ಆಗಿ ಬೆಳೆದು, 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಮೈಸೂರು ಸೀಮೆಗೆ ಕಾರು ತಪ್ಪಿತು, ವಿಮಾನ ದಕ್ಕಿತು.

1953ರ ಸುಂಕ ಆಯೋಗದ ಶಿಫಾರಸಿನ ನಂತರ ಬರೀ ಜೋಡಣೆ ಮಾಡುವ ಕಂಪನಿಗಳಿಗೆ ಇಲ್ಲಿ ಜಾಗವಿಲ್ಲದಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಅಲ್ಲಿಂದಾಚೆ ಈ ದೇಶದಲ್ಲಿ ಉಳಿದ ಅಮೆರಿಕನ್ ಕಾರುಗಳದು ಬೇರೆಯೇ ಬದುಕು. ಬಿಡಿಭಾಗ ಬರುವುದು ನಿಂತಿತು. ಸಿಕ್ಕ ಭಾಗವನ್ನು ತಿದ್ದಿ ಕೂರಿಸುವ ಮೇಸ್ತ್ರಿಗಳೇ ಗತಿಯಾದರು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ಕುಡಿಯುವ ಎಂಟು ಸಿಲಿಂಡರಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿಕೊಂಡವರು ಬಹಳ. ಆ ಕಾರುಗಳು ಡೆಟ್ರಾಯಿಟ್‌ನಲ್ಲಿ ಹುಟ್ಟಿದವು ನಿಜ, ಆದರೆ ಬಾಳಿದ್ದು ನಮ್ಮ ಗ್ಯಾರೇಜುಗಳ ಕೈಯಲ್ಲಿ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ತರ್ಕಕ್ಕೆ ಅನುಕೂಲ.

ಈಗ ಜಾಹೀರಾತಿನ ಮೊದಲ ಮಾತು: ಅಪರೂಪ. ಈ ಮಾರುಕಟ್ಟೆಯಲ್ಲಿ ಅಪರೂಪವನ್ನು ಸಂಖ್ಯೆಯಲ್ಲಿ ಅಳೆಯುತ್ತಾರೆ. 1953ರ ಕ್ಯಾಡಿಲಾಕ್ ಎಲ್ಡೊರಾಡೊ ಕನ್ವರ್ಟಿಬಲ್ ತಯಾರಾದದ್ದು 532. ಅದೇ ವರ್ಷದ ಷೆವರ್ಲೆ ಕಾರ್ವೆಟ್ 300. 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಒಂದು ಡಜನ್ ದಾಟುವುದಿಲ್ಲ. ಅವುಗಳಲ್ಲೊಂದು 2014ರಲ್ಲಿ ಅಮೆರಿಕದ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು 21 ಕೋಟಿ ರೂಪಾಯಿ. ಸಂಖ್ಯೆ ಇಷ್ಟು ಸಣ್ಣದಾದಾಗ ಇನ್ನೊಂದು ಕಸುಬು ಹುಟ್ಟಿಕೊಳ್ಳುತ್ತದೆ. ಅದೇ ಮಾದರಿಯ, ಸಾಧಾರಣ ಎಂಜಿನ್ನಿನ ಬ್ಯಾರಾಕುಡಾ ಕಾರಿಗೆ ಬಲವಾದ ಹೆಮಿ ಎಂಜಿನ್ ಕೂರಿಸಿ, ಪಟ್ಟೆ, ಬಿಲ್ಲೆ ಎಲ್ಲ ಹಚ್ಚಿ ‘ಕ್ಲೋನ್’ ಮಾಡುತ್ತಾರೆ. ಕ್ಲೋನ್ ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಎರಡು ಕೈ ದಾಟಿದ ಮೇಲೆ ಆ ಮಾತು ಮರೆತುಹೋಗುವುದೇ ತೊಂದರೆ.

ಅಪರೂಪವನ್ನು ಕಂಪನಿಯೇ ಸೃಷ್ಟಿಸಿ ಮಾರಿದ ಉದಾಹರಣೆಯೂ ಇದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಸುರಕ್ಷತೆಯ ನಿಯಮಗಳು ಬಿಗಿಯಾಗುತ್ತವೆ ಎಂಬ ಅಂಜಿಕೆಯಿಂದಲೂ ಗಿರಾಕಿ ಕಡಿಮೆಯಾದ್ದರಿಂದಲೂ ಒಂದೊಂದೇ ಕಂಪನಿ ಮೇಲ್ಛಾವಣಿ ಮಡಚುವ ಕಾರು ನಿಲ್ಲಿಸಿತು. 1976ರ ಎಲ್ಡೊರಾಡೊ ‘ಕೊನೆಯ ಅಮೆರಿಕನ್ ಕನ್ವರ್ಟಿಬಲ್’ ಎಂಬ ಹೆಸರಿನಲ್ಲಿ ಹೊರಬಂತು. ಆ ವರ್ಷ ಸುಮಾರು 14,000 ಮಾಡಿದರು. ಕೊನೆಯ 200 ಕಾರುಗಳಿಗೆ ಒಂದೇ ಬಿಳಿ ಬಣ್ಣ. ಮುಂದೆ ಚಿನ್ನವಾಗುತ್ತದೆ ಎಂದು ಜನ ಹೆಚ್ಚು ಬೆಲೆ ಕೊಟ್ಟು ಕೊಂಡು ಶೆಡ್ಡಿನಲ್ಲಿ ಬೀಗ ಹಾಕಿಟ್ಟರು. ಏಳೆಂಟು ವರ್ಷಕ್ಕೆ ಅದೇ ಕ್ಯಾಡಿಲಾಕ್ ಮತ್ತೆ ಎಲ್ಡೊರಾಡೊ ಕನ್ವರ್ಟಿಬಲ್ ಬಿಟ್ಟಿತು. ಮೋಸಹೋದೆವೆಂದು ಹಳೆಯ ಗಿರಾಕಿಗಳು ಕೋರ್ಟು ಮೆಟ್ಟಿಲೇರಿದರು. ಕಾರು ಮಾತ್ರ ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಅದರ ಯಾವ ಗುಣವೂ ಕುಂದಿರಲಿಲ್ಲ, ಆದರೂ ಬೆಲೆ ಕುಸಿಯಿತು. ಬೇರೆಯವರ ಕಾರ್ಖಾನೆಯ ತೀರ್ಮಾನದಿಂದ ಏರುವ, ಇಳಿಯುವ ಬೆಲೆಯನ್ನು ವಸ್ತುವಿನ ಯೋಗ್ಯತೆ ಎಂದು ಎಣಿಸುವುದು ಹೇಗೆ? ಅಪರೂಪ ಎಂಬುದು ಎಷ್ಟು ಇವೆ ಎಂಬ ಎಣಿಕೆ. ಎದುರಿಗೆ ನಿಂತಿರುವ ಈ ಒಂದು ಕಾರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಎರಡನೆಯ ಮಾತು ಇನ್ನೂ ಕಠಿಣವಾದದ್ದು: ರಿಸ್ಟೋರ್. ಭಾರತ ಸರ್ಕಾರ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ ‘ವಿಎ’ ಎಂದಿರುತ್ತದೆ. ಹಿಂದೆಯೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲು ಹಾಕಿಸುವುದು, ರಿಪೇರಿ ಇಂಥವಕ್ಕೆ ರಸ್ತೆಗೆ ತರಬಹುದು. ದಿನದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಮಾರಾಟಕ್ಕೆ ಅಡ್ಡಿಯಿಲ್ಲ, ಸಾರಿಗೆ ಇಲಾಖೆಗೆ ತಿಳಿಸಬೇಕು ಅಷ್ಟೆ. ಇಲ್ಲಿಯವರೆಗೆ ಎಲ್ಲವೂ ಒಪ್ಪುವಂಥದ್ದೇ.

ತೊಡಕಿರುವುದು ವ್ಯಾಖ್ಯೆಯಲ್ಲಿ. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂದು ನಿಯಮ ಹೇಳುತ್ತದೆ. ಗಣನೀಯ ಎಂದರೆ ಎಷ್ಟು? ಒಂದು ಉದಾಹರಣೆ ನೋಡೋಣ. 1950ರ ದಶಕದ ಎಂಜಿನ್ನಿನ ವಾಲ್ವುಗಳು ಸೀಸ ಬೆರೆತ ಪೆಟ್ರೋಲಿಗೆ ತಕ್ಕಂತೆ ರೂಪುಗೊಂಡವು. ನಮ್ಮಲ್ಲಿ ಸೀಸದ ಪೆಟ್ರೋಲು 2000ದ ಹೊತ್ತಿಗೆ ನಿಂತಿತು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತದ್ದು. ಅದು ಹಳೆಯ ರಬ್ಬರು ಪೈಪನ್ನೂ ಕಾರ್ಬೊರೇಟರಿನ ಕಾರ್ಕನ್ನೂ ತಿಂದುಹಾಕುತ್ತದೆ. ವಾಲ್ವ್ ಸೀಟು ಬದಲಿಸಿ, ಪೈಪು ಬದಲಿಸಿದರೆ ಮೂಲರೂಪ ಕೆಟ್ಟಿತೇ? ಬದಲಿಸದೆ ಓಡಿಸಿದರೆ ಎಂಜಿನ್ನೇ ಕೆಡುತ್ತದೆ. ಕನ್ವರ್ಟಿಬಲ್ ಕಥೆ ಇನ್ನೂ ಸೂಕ್ಷ್ಮ. ಸಾಮಾನ್ಯ ಕಾರಿನಲ್ಲಿ ಮೇಲ್ಛಾವಣಿಯೂ ಭಾರ ಹೊರುತ್ತದೆ. ಅದಿಲ್ಲದ ಕಾರಿನಲ್ಲಿ ಎಲ್ಲ ಭಾರವೂ ನೆಲದ ಚೌಕಟ್ಟಿನ ಮೇಲೆ. ಅದಕ್ಕೇ ಕನ್ವರ್ಟಿಬಲ್‌ಗಳಿಗೆ ಕಾರ್ಖಾನೆಯಲ್ಲೇ ತಳಕ್ಕೆ ಹೆಚ್ಚುವರಿ ಉಕ್ಕಿನ ಬಿಗಿತ ಕೊಟ್ಟಿರುತ್ತಾರೆ. ಮಳೆನೀರು ಹುಡ್ಡಿನ ಸಂದಿಯಲ್ಲಿ ಇಳಿದು ನಿಲ್ಲುವುದೂ ಅಲ್ಲೇ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಕಾರು ನಡುಬಗ್ಗಿ ಬಾಗಿಲು ಕೂರುವುದಿಲ್ಲ. ಅದನ್ನು ಕತ್ತರಿಸಿ ಹೊಸ ತಗಡು ಬೆಸೆಯದೆ ಬೇರೆ ದಾರಿಯಿಲ್ಲ. ಹೀಗೆ ಮಾಡಿದ್ದನ್ನು ಮಾರ್ಪಾಡು ಎಂದು ಕರೆದರೆ ದೇಶದ ಬಹುಪಾಲು ಹಳೆಯ ಕಾರುಗಳು ವ್ಯಾಖ್ಯೆಯಿಂದ ಹೊರಗೆ ಬೀಳುತ್ತವೆ. ಕರೆಯದಿದ್ದರೆ ಸಾಧಾರಣ ಕಾರಿನ ಛಾವಣಿ ಕೊಯ್ದು ಕನ್ವರ್ಟಿಬಲ್ ಎಂದು ಮಾರುವವನಿಗೂ ದಾರಿ ಸುಗಮ.

ಈ ಗೊಂದಲ ಹಳೆಯದು. ಪಾಳಿಯ ‘ಮಿಲಿಂದ ಪ್ರಶ್ನೆ’ಯಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಅವನು ಬಂದ ರಥದ ಬಗ್ಗೆ ಪ್ರಶ್ನಿಸುತ್ತಾನೆ. ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳಿದಾಗ ರಾಜ ಎಲ್ಲಕ್ಕೂ ಅಲ್ಲ ಎನ್ನಬೇಕಾಗುತ್ತದೆ. ಭಾಗಗಳು ಒಂದು ಕ್ರಮದಲ್ಲಿ ಕೂಡಿದಾಗ ನಾವು ಕೊಡುವ ಹೆಸರು ರಥ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇದರಿಂದ ಯಾವ ಭಾಗ ಬದಲಿಸಿದರೂ ಚಿಂತೆಯಿಲ್ಲ, ಹೆಸರಷ್ಟೇ ತಾನೆ ಎಂದು ಮಾರಾಟಗಾರ ವಾದಿಸಬಹುದು. ನಾನು ಇದನ್ನು ಬೇರೆ ರೀತಿ ಓದುತ್ತೇನೆ. ಕಾರಿನ ಗುರುತು ಯಾವುದೋ ಒಂದು ಭಾಗದಲ್ಲಿ ಅಡಗಿ ಕೂತಿಲ್ಲ ಎಂದಾದರೆ, ಭಾಗಗಳು ಕೂಡಿ ಬಂದ ಬಗೆ, ಒಂದು ಹೋಗಿ ಇನ್ನೊಂದು ಬಂದ ಕ್ರಮ ಇವೇ ಅದರ ಗುರುತು. ಆ ಕ್ರಮ ತಿಳಿದಿದ್ದರೆ ಅದು ಅದೇ ಕಾರು. ತಿಳಿಯದಿದ್ದರೆ ಅದೇ ಕಾರು ಎನ್ನಲು ಆಧಾರವಿಲ್ಲ. ಆದ್ದರಿಂದ ನಿಯಮ ಕೇಳಬೇಕಾದ ಪ್ರಶ್ನೆ ‘ಎಷ್ಟು ಬದಲಾಗಿದೆ’ ಎಂಬುದಕ್ಕಿಂತ ‘ಬದಲಾದದ್ದೆಲ್ಲ ಬರೆದಿಟ್ಟಿದೆಯೇ’ ಎಂಬುದು.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ತುಮಕೂರಿನವರು ಅಮೆರಿಕದವರೆಗೆ ಹೋಗಬೇಕಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರ ತಯಾರಿಕೆ 1978ರಲ್ಲಿ ತುಮಕೂರಿಗೂ ಬಂತು. ಈ ಊರಿನ ಎಷ್ಟೋ ಮನೆಗಳ ಅನ್ನ ಆ ಕಾರ್ಖಾನೆಯಿಂದ ಬಂದದ್ದು. ಕ್ವಾರ್ಟ್ಜ್ ಗಡಿಯಾರಗಳ ಅಲೆ, ಟೈಟನ್ ಪೈಪೋಟಿ, ನಷ್ಟದ ಮೇಲೆ ನಷ್ಟ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ತುಮಕೂರಿನ ನೂರಕ್ಕೂ ಹೆಚ್ಚು ಎಕರೆ ಜಾಗ ಇಸ್ರೊ ಪಾಲಾಯಿತು. ಕಾರ್ಖಾನೆ ಮುಚ್ಚಿದ ಮೇಲೆ ಜನತಾ, ಪೈಲಟ್, ಸೋನಾ ವಾಚುಗಳ ಬೆಲೆ ಏರಿತು. ಬೆಲೆ ಏರಿದ್ದೇ ತಡ, ಸವೆದ ಡಯಲಿಗೆ ಹೊಸ ಬಣ್ಣ ಹಾಕಿ, ಒಂದು ವಾಚಿನ ಒಳಗು ಇನ್ನೊಂದರ ಕೇಸಿಗೆ ತುಂಬಿ, ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ‘ಅಪರೂಪದ ಎಚ್‌ಎಂಟಿ’ಗಳು ಪೇಟೆಗೆ ಬಂದವು. ನಾಲ್ಕಾರು ಸಾವಿರದ ವಾಚು ಕೊಳ್ಳುವ ನಿವೃತ್ತ ಮೇಷ್ಟ್ರಿಗೂ ನಾಲ್ಕಾರು ಕೋಟಿಯ ಕಾರು ಕೊಳ್ಳುವ ಉದ್ಯಮಿಗೂ ಎದುರಾಗಿರುವುದು ಒಂದೇ ಕಷ್ಟ. ಹೊಳೆಯುವ ಡಯಲು ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ತಿಳಿಯಲು ಇಬ್ಬರ ಕೈಯಲ್ಲೂ ಕಾಗದವಿಲ್ಲ.

ಕಾಗದವಿಲ್ಲದಿದ್ದರೆ ಕಣ್ಣಿದೆಯಲ್ಲ ಎನ್ನುವವರಿದ್ದಾರೆ. ಶಿವರಾತ್ರಿಯ ಸುಮಾರಿಗೆ ನಡೆಯುವ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಯಾವ ಕಾಗದವನ್ನೂ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಆಮೇಲೆ ಟವೆಲ್ಲಿನಡಿ ಬೆರಳು ಹಿಡಿದು ದರ ಮಾತಾಡುತ್ತಾನೆ. ಹಳೆಯ ಕಾರು ನೋಡುವ ಪರಿಣತನೂ ಮಾಡುವುದು ಅದನ್ನೇ. ಅಯಸ್ಕಾಂತ ಹಿಡಿದು ಪುಟ್ಟಿ ಮೆತ್ತಿದ ಜಾಗ ಹುಡುಕುತ್ತಾನೆ, ಎಂಜಿನ್ನಿನ ಮೇಲಿನ ಸಂಖ್ಯೆಯನ್ನೂ ಬಾಡಿಯ ಬಿಲ್ಲೆಯನ್ನೂ ತಾಳೆ ನೋಡುತ್ತಾನೆ, ಕಾರಿನ ಕೆಳಗೆ ಮಲಗಿ ಕನ್ವರ್ಟಿಬಲ್‌ಗೆ ಇರಬೇಕಾದ ಉಕ್ಕಿನ ಬಿಗಿತ ಇದೆಯೇ ಎಂದು ಪರೀಕ್ಷಿಸುತ್ತಾನೆ. ಆದರೆ ಹೋರಿಯ ಹಲ್ಲನ್ನು ಯಾವ ದಲ್ಲಾಳಿಯೂ ಹೊಸದಾಗಿ ಹುಟ್ಟಿಸಲಾರ. ಕಾರಿನ ಬಿಲ್ಲೆಯನ್ನು ಹುಟ್ಟಿಸಬಲ್ಲ. ಸಂಖ್ಯೆಯನ್ನು ಮತ್ತೆ ಕೊರೆಯಬಲ್ಲ. ಕಣ್ಣಿನ ಪರೀಕ್ಷೆ ಬೇಕು, ಅದೊಂದೇ ಸಾಲದು.

ಸಾಲದು ಎಂಬುದನ್ನು ಕುದುರೆ ಲೋಕ ಎರಡು ಶತಮಾನಗಳ ಹಿಂದೆಯೇ ಒಪ್ಪಿಕೊಂಡಿತು. 1791ರಲ್ಲಿ ಇಂಗ್ಲೆಂಡಿನಲ್ಲಿ ಥರೊಬ್ರೆಡ್ ಕುದುರೆಗಳ ವಂಶಾವಳಿಯ ಪುಸ್ತಕ ಅಚ್ಚಾಗತೊಡಗಿತು. ಅದರ ದಾರಿಯಲ್ಲೇ ಇಂದು ಭಾರತದಲ್ಲೂ ಸ್ಟಡ್ ಬುಕ್ ಇದೆ. ಕುಣಿಗಲ್ ಫಾರಂನ ಹಿರಿಮೆಯನ್ನು ನಾವು ಹೈದರ್, ಟಿಪ್ಪುವಿನ ಅಶ್ವದಳದಿಂದ ಶುರುಮಾಡಿ ಹೇಳುತ್ತೇವೆ. 1992ರಲ್ಲಿ ಯುಬಿ ಸಮೂಹ ಅದನ್ನು ಗುತ್ತಿಗೆಗೆ ಪಡೆದ ಮೇಲೆ ಅಲ್ಲಿ ಹುಟ್ಟಿದ ಮರಿಗಳು ದೇಶದ ರೇಸ್ ಮೈದಾನಗಳಲ್ಲಿ ಹೆಸರು ಮಾಡಿದವು. ಆದರೆ ಅಲ್ಲಿನ ಒಂದು ಮರಿ ಎಷ್ಟೇ ಚೆಂದವಾಗಿರಲಿ, ಎಷ್ಟೇ ವೇಗವಾಗಿ ಓಡಲಿ, ತಾಯಿ ತಂದೆಯ ಹೆಸರು ಪುಸ್ತಕದಲ್ಲಿ ದಾಖಲಾಗದಿದ್ದರೆ ರೇಸಿಗಿಳಿಯುವಂತಿಲ್ಲ. ಚೆಲುವು, ವೇಗ ಕಣ್ಣಿಗೆ ಕಾಣುತ್ತದೆ. ಬೆಲೆ ಪುಸ್ತಕದ ಮೇಲೆ ನಿಂತಿದೆ. ಜೀವವಿರುವ ಪ್ರಾಣಿಗೇ ಇಂಥ ಲೆಕ್ಕ ಸಾಧ್ಯವಾಗಿರುವಾಗ, ಪ್ರತಿ ಬೋಲ್ಟನ್ನೂ ಫೋಟೊ ತೆಗೆದಿಡಬಹುದಾದ ಯಂತ್ರಕ್ಕೆ ಏಕೆ ಅಸಾಧ್ಯ?

ನಾನು ಸೂಚಿಸುವ ವಂಶಾವಳಿ ದೊಡ್ಡ ಗ್ರಂಥವೇನೂ ಆಗಬೇಕಿಲ್ಲ. ಬಿಚ್ಚುವ ಮುನ್ನ ಕಾರು ಹೇಗಿತ್ತು ಎಂಬ ಚಿತ್ರಗಳು. ತೆಗೆದ ಭಾಗ, ಹಾಕಿದ ಭಾಗ, ಅದು ಹಳೆಯ ದಾಸ್ತಾನಿನದೋ ಹೊಸದಾಗಿ ಮಾಡಿಸಿದ್ದೋ ಎಂಬ ಪಟ್ಟಿ. ಬೆಸೆದ, ಕತ್ತರಿಸಿದ ಜಾಗಗಳ ನಕ್ಷೆ. ಟಿಂಕರ್ ಕೆಲಸ, ಎಂಜಿನ್ ಕೆಲಸ, ಕುಷನ್ ಕೆಲಸ, ಬಣ್ಣದ ಕೆಲಸ ಮಾಡಿದವರ ಹೆಸರು, ರಸೀದಿ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಸಾಧ್ಯವಾದಷ್ಟು ಒಂದು ಪೆಟ್ಟಿಗೆಯಲ್ಲಿಟ್ಟು ಕಾರಿನ ಜೊತೆಗೇ ಮಾರುವುದು. ವಿಂಟೇಜ್ ನೋಂದಣಿಗೆ ಬರುವ ಗಾಡಿಗಳನ್ನು ಪರಿಶೀಲಿಸಲು ರಾಜ್ಯದಲ್ಲಿ ಸಮಿತಿ ಇರಬೇಕೆಂದು 2021ರ ನಿಯಮವೇ ಹೇಳುತ್ತದೆ. ಆ ಸಮಿತಿ ಈ ದಾಖಲೆಯ ಒಂದು ಪ್ರತಿಯನ್ನು ಆರ್‌ಸಿ ಜೊತೆಗೆ ಸೇರಿಸಿಟ್ಟರೆ ಸಾಕು. ನವೀಕರಣಕ್ಕೆ ಬಂದಾಗಲೆಲ್ಲ ನಡುವೆ ಆದ ಕೆಲಸ ಸೇರುತ್ತದೆ. ‘ಗಣನೀಯ ಮಾರ್ಪಾಡು’ ಎಂಬುದಕ್ಕೂ ಆಗ ಅರ್ಥ ಸ್ಪಷ್ಟವಾಗುತ್ತದೆ: ಮೂಲದ ಕಡೆಗೆ ಕೊಂಡೊಯ್ಯುವ, ದಾಖಲಾದ ರಿಪೇರಿಗೆ ಮನ್ನಣೆ, ಕಾರಿನ ಗುರುತನ್ನೇ ಬದಲಿಸುವ, ಮುಚ್ಚಿಟ್ಟ ಕೆಲಸಕ್ಕೆ ನಿರಾಕರಣೆ.

ಇಂಥ ದಾಖಲೆಯಲ್ಲಿ ನಮ್ಮ ನೆಲದ ಚರಿತ್ರೆಗೂ ಒಂದು ಸಾಲು ಸಿಗುತ್ತದೆ. ಡೀಸೆಲ್ ಎಂಜಿನ್ ಕೂರಿಸಿಕೊಂಡು ಮೂವತ್ತು ವರ್ಷ ತೆಂಗಿನಕಾಯಿ ಹೊತ್ತ ಡಾಡ್ಜ್ ಕಾರೊಂದನ್ನು ಈಗ ಡೆಟ್ರಾಯಿಟ್‌ನಿಂದ ಹೊರಟ ದಿನದ ರೂಪಕ್ಕೆ ತಂದರೆ, ಆ ಮೂವತ್ತು ವರ್ಷ ಒರೆಸಿಹೋಗುತ್ತದೆ. ಕೊಳ್ಳುವವನಿಗೆ ಅದು ಮಚ್ಚೆ ಎನ್ನಿಸಬಹುದು. ನನ್ನ ದೃಷ್ಟಿಯಲ್ಲಿ ಆ ಕಾರಿನ ಬದುಕಿನಲ್ಲಿ ನಮ್ಮವರ ಪಾಲು ಇರುವುದು ಅಲ್ಲೇ. ಎಂಜಿನ್ ಬದಲಿಸಲೇಬೇಕೆಂದರೆ ಬದಲಿಸಿ, ಬದಲಿಸುವ ಮುನ್ನ ಇದ್ದದ್ದನ್ನು ಬರೆದಿಡಿ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಗಾಂಧೀಜಿ ಕರ್ನಾಟಕ ಪ್ರವಾಸದಲ್ಲಿ ಬಳಸಿದ್ದೆಂದು ಹೇಳುವ ಅಮೆರಿಕನ್ ಸ್ಟುಡಿಬೇಕರ್ ಇದೆ. ಅದರ ಮುಂದೆ ಜನ ನಿಲ್ಲುವುದು ಅಂಥವು ಎಷ್ಟು ತಯಾರಾದವು ಎಂದು ಕೇಳಲಿಕ್ಕಲ್ಲ. ಅದರಲ್ಲಿ ಯಾರು ಕೂತಿದ್ದರು, ಅದು ಯಾವ ದಾರಿಯಲ್ಲಿ ಓಡಿತು ಎಂಬುದಕ್ಕೆ. ಇಲ್ಲಿ ಬಾಳಿದ ಬಾಳೇ ಅದಕ್ಕೆ ಬೆಲೆ ತಂದದ್ದು.

ಇನ್ನು ಕೆಲಸಗಾರರ ಹೆಸರು ಏಕೆ ಬೇಕು? ಇದಕ್ಕೆ ಉತ್ತರ ಗುಬ್ಬಿಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಪರದೆಗಳು, ಕಿರೀಟಗಳು, ದೀಪಗಳು ಇಂದು ಎಷ್ಟು ಉಳಿದಿವೆ? ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರ ವೈಭವವನ್ನು ಯಾವ ಸಂಗ್ರಹಾಲಯದಲ್ಲೂ ಬೀಗ ಹಾಕಿಡಲಾಗದು. ಆದರೆ ಆ ಕಂಪನಿಯಲ್ಲಿ ಪಳಗಿದವರ ಪಟ್ಟಿ ನೋಡಿ: ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತ. ಸಾಮಾನು ಹೋಯಿತು, ಕಲಿತ ಮೈಗಳು ಮುಂದೆ ನಡೆದವು. ಕನ್ನಡ ಸಿನಿಮಾವೂ ಆಧುನಿಕ ರಂಗಭೂಮಿಯೂ ಆ ಕಲಿಕೆಯ ಮೇಲೆ ಎದ್ದು ನಿಂತವು. ಯಾರು ಯಾರಿಂದ ಕಲಿತರು ಎಂಬುದು ಗೊತ್ತಿರುವುದರಿಂದಲೇ ನಾವು ಈ ಮಾತು ಹೇಳಬಲ್ಲೆವು.

ಕಾರಿನ ಲೋಕದಲ್ಲಿ ಈ ತಿಳಿವಳಿಕೆ ಇಲ್ಲ. ಚಪ್ಪಟೆ ತಗಡನ್ನು ಮರಳಿನ ಚೀಲದ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಮಡ್‌ಗಾರ್ಡಿನ ಬಾಗು ತರುವ ಟಿಂಕರ್, ಎಲ್ಲೂ ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದು ಕೊಡುವ ಟರ್ನರ್, ಹುಡ್ಡಿನ ಬಟ್ಟೆ ಎಲ್ಲೂ ಸುಕ್ಕಾಗದಂತೆ ಹೊಲಿಯುವ ಕುಷನ್ ಕೆಲಸಗಾರ ಇವರ ಹೆಸರು ಜಾಹೀರಾತಿನಲ್ಲಿ ಬರುವುದಿಲ್ಲ. ಬರುವುದು ಮಾಲೀಕರ ಹೆಸರು. ತುಮಕೂರು ಲೇತ್ ಕೆಲಸಕ್ಕೂ ಸೂಕ್ಷ್ಮ ಯಂತ್ರಗಳ ಕೆಲಸಕ್ಕೂ ಹೊಸ ಊರಲ್ಲ. ವಾಚಿನ ಗಾಲಿಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದು ಕೂರಿಸಿದ ಕೈಗಳು ಇಲ್ಲಿದ್ದವು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳ ಲೆಕ್ಕ ಆಯಿತು, ಜಾಗದ ಲೆಕ್ಕ ಆಯಿತು. ಆ ಕೈಗಳಿಗೆ ಗೊತ್ತಿದ್ದದ್ದರ ಲೆಕ್ಕ ಯಾರೂ ಬರೆದುಕೊಳ್ಳಲಿಲ್ಲ. ರಿಸ್ಟೋರೇಷನ್ ದಾಖಲೆಯಲ್ಲಿ ಕೆಲಸಗಾರನ ಹೆಸರು ಬಂದರೆ ಅವನ ಹೆಸರಿಗೇ ಮಾರುಕಟ್ಟೆಯಲ್ಲಿ ಬೆಲೆ ಬರುತ್ತದೆ. ಇಂಥವರು ತಟ್ಟಿದ ಬಾಡಿ ಎಂದರೆ ನಂಬಿಕೆ ಎಂಬ ಮಾತು ಹುಟ್ಟುತ್ತದೆ. ಮಗನೋ ಶಿಷ್ಯನೋ ಆ ಕಸುಬಿಗೆ ನಿಲ್ಲಲು ಕಾರಣ ಸಿಗುತ್ತದೆ. ಐಟಿಐಗಳಲ್ಲಿ ಶೀಟ್ ಮೆಟಲ್ ಕಲಿಯುವ ಹುಡುಗರಿಗೂ ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ ಸೇರುವ ಕನಸಿನ ಪಕ್ಕದಲ್ಲಿ ಇನ್ನೊಂದು ದಾರಿ ತೆರೆಯುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಶುದ್ಧವಾದಿಗಳದು: ರಿಸ್ಟೋರೇಷನ್ನೇ ತಪ್ಪು, ತುಕ್ಕಿದ್ದರೆ ತುಕ್ಕು ಇರಲಿ, ಇದ್ದಂತೆ ಉಳಿಸಿ. ವಿದೇಶದ ದೊಡ್ಡ ಸ್ಪರ್ಧೆಗಳಲ್ಲಿ ಈಗ ಕೈಯಿಡದೆ ಉಳಿಸಿದ ಕಾರುಗಳಿಗೇ ಬೇರೆ ವಿಭಾಗವಿದೆ. ಗಟ್ಟಿಯಾಗಿ ಉಳಿದಿರುವ ಕಾರಿನ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಹೊಳಪಿನ ಆಸೆಗೆ ಗಟ್ಟಿ ಬಣ್ಣವನ್ನು ಕೆರೆದುಹಾಕುವುದು ಹಾಳುಮಾಡಿದಂತೆ. ಕರಾವಳಿಯ ಉಪ್ಪುಗಾಳಿಗೆ ಹೋಲಿಸಿದರೆ ನಮ್ಮ ಬಯಲುಸೀಮೆಯ ಒಣಹವೆ ತಗಡಿಗೆ ಒಳ್ಳೆಯದೇ. ಹಾಗೆಂದು ತೋಟದ ಶೆಡ್ಡಿನಲ್ಲಿ ನೆಲ ಕಳಚಿ ಕೂತ ಗಾಡಿಯನ್ನು ಇದ್ದಂತೆ ಬಿಡುವುದು ಸಂರಕ್ಷಣೆಯಲ್ಲ, ನಿಧಾನಕ್ಕೆ ಗುಜರಿ ಮಾಡುವುದು.

ಎರಡನೆಯದು, ದಾಖಲೆಯನ್ನೂ ನಕಲಿ ಮಾಡಬಹುದಲ್ಲ ಎಂಬುದು. ಮಾಡಬಹುದು. ಜಮೀನಿನ ಪತ್ರವನ್ನೂ ನಕಲಿ ಮಾಡುತ್ತಾರೆ, ಹಾಗೆಂದು ಪತ್ರವೇ ಬೇಡ ಎಂದು ಯಾರೂ ಹೇಳುವುದಿಲ್ಲ. ಬಿಲ್ಲೆಯೊಂದನ್ನು ನಕಲಿ ಮಾಡುವುದು ಸುಲಭ. ಹತ್ತು ಕೆಲಸಗಾರರ ಹೆಸರು, ರಸೀದಿ, ಚಿತ್ರ, ಸಮಿತಿಯ ಮುದ್ರೆ ಎಲ್ಲವನ್ನೂ ಒಂದಕ್ಕೊಂದು ತಾಳೆಯಾಗುವಂತೆ ನಕಲಿ ಮಾಡುವುದು ಕಷ್ಟ.

ಮೂರನೆಯದೇ ಗಟ್ಟಿ ಆಕ್ಷೇಪ. ನೀರಿಗೂ ಕೊಬ್ಬರಿ ಬೆಲೆಗೂ ತಲೆ ಕೆಡಿಸಿಕೊಳ್ಳುವ ಜಿಲ್ಲೆಯಲ್ಲಿ, ಹೊಗೆ ಉಗುಳುತ್ತ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಶ್ರೀಮಂತರ ಆಟಿಕೆಗೆ ಸರ್ಕಾರ ಏಕೆ ಸಮಿತಿ ಮಾಡಬೇಕು? ಹೊಗೆಯ ಮಾತಿಗೆ ನಿಯಮವೇ ಉತ್ತರ ಹೇಳಿದೆ. ದಿನದ ಓಡಾಟಕ್ಕೆ ಅವಕಾಶವಿಲ್ಲ, ಇರಲೂಬಾರದು. ಖರ್ಚಿನ ಮಾತಿಗೆ 20,000 ರೂಪಾಯಿಯ ಶುಲ್ಕ ಇದೆ. ದಾಖಲೆ ಇಡುವ ಖರ್ಚನ್ನು ಮಾಲೀಕನಿಂದಲೇ ಪಡೆಯಲಿ. ಸಾರ್ವಜನಿಕ ಹಣ ಒಂದು ಪೈಸೆಯೂ ಬೇಡ. ಇಲ್ಲಿ ಸರ್ಕಾರ ಕಾಯಬೇಕಾದದ್ದು ಶ್ರೀಮಂತನ ಹವ್ಯಾಸವನ್ನಲ್ಲ, ಆ ಹವ್ಯಾಸದಿಂದ ಹರಿಯುವ ಹಣ ಬಿಲ್ಲೆ ಕೊರೆಯುವ ದಲ್ಲಾಳಿಗೆ ಹೋಗಬೇಕೋ ತಗಡು ತಟ್ಟುವ ಮೇಸ್ತ್ರಿಗೆ ಹೋಗಬೇಕೋ ಎಂಬುದನ್ನು. ದಾಖಲೆ ಇಲ್ಲದ ಮಾರುಕಟ್ಟೆಯಲ್ಲಿ ಲಾಭ ಮೊದಲಿನವನಿಗೆ.

ಈ ಮಾತನ್ನು ಈಗಲೇ ಆಡಲು ಕಾರಣವಿದೆ. ಬಹುಕಾಲ 1950ಕ್ಕೆ ಮೊದಲು ತಯಾರಾದ ಕಾರುಗಳಿಗಷ್ಟೇ ವಿಂಟೇಜ್ ಹೆಸರಿನಲ್ಲಿ ಆಮದಿಗೆ ಅವಕಾಶವಿತ್ತು. 2025ರಲ್ಲಿ ಆ ಗಡಿ 50 ವರ್ಷ ದಾಟಿದ ವಾಹನಗಳವರೆಗೆ ಸರಿಯಿತು. ಅಂದರೆ ಅಮೆರಿಕನ್ ಕನ್ವರ್ಟಿಬಲ್‌ಗಳ ಸುಗ್ಗಿಯ ಕಾಲವಾದ 1950, 60ರ ದಶಕಗಳು ಇಡಿಯಾಗಿ ಬಾಗಿಲೊಳಗೆ ಬಂದವು. ಹೊರಗಿನ ಕಾರುಗಳು ಹೊರಗಿನ ಕಥೆಗಳೊಂದಿಗೆ ಬರುತ್ತವೆ. ಆ ಕಥೆಗಳನ್ನು ಪರೀಕ್ಷಿಸುವ ಪದ್ಧತಿ ನಮ್ಮಲ್ಲಿ ಮೊದಲೇ ಇದ್ದರೆ ಒಳ್ಳೆಯದು. ಮೋಸಗಳಾದ ಮೇಲೆ ನಿಯಮ ಮಾಡುವುದು ನಮಗೆ ಹೊಸದಲ್ಲ, ಆದರೆ ಅಷ್ಟರೊಳಗೆ ನಿಜವಾದ ಕೆಲಸ ಮಾಡುವ ಗ್ಯಾರೇಜು ನಕಲಿಯವನ ಅಗ್ಗದ ದರದ ಎದುರು ಮುಚ್ಚಿಹೋಗಿರುತ್ತದೆ.

ಕೊಳ್ಳುವವರು ನಿಯಮಕ್ಕಾಗಿ ಕಾಯಬೇಕಿಲ್ಲ. ಕಾರಿಗಾಗಲಿ, ಕೈಗಡಿಯಾರಕ್ಕಾಗಲಿ ಅವರು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಹೊಸದು ಯಾವುದು, ಮಾಡಿದವರು ಯಾರು? ಇದಕ್ಕೆ ಬರಹದಲ್ಲಿ ಉತ್ತರ ಕೊಡುವ ಮಾರಾಟಗಾರ ಹೆಚ್ಚು ಕೇಳಿದರೂ ಕೊಡಬಹುದು, ಏಕೆಂದರೆ ಆ ಹೆಚ್ಚಿನ ಹಣಕ್ಕೆ ಲೆಕ್ಕವಿದೆ. ಉತ್ತರ ಕೊಡದವನ ಕಾರು ಎಷ್ಟೇ ಅಪರೂಪದ್ದಾಗಿರಲಿ, ಹೊಸ ಬಣ್ಣ ಹೊಡೆದ ಹಳೆಯ ಗಾಡಿಗೆ ಏನು ಸಲ್ಲುತ್ತದೋ ಅಷ್ಟನ್ನೇ ಅದಕ್ಕೆ ಕೊಡಬೇಕು.